ಗೋಡೆಯ ಮೇಲಿನ ಜಮಖಾನ

ಸರಸ್ವತಿಪುರಂನ ನಮ್ಮ ಮನೆಗೆ ಬಂದವರಿಗೆ ಮೊದಲು ತೋರಿಸುವುದು ತಂತಿಯನ್ನು; ನೀರು ಕೊಡುವುದು ಆಮೇಲೆ. ಪಾರದರ್ಶಕ ಹೊದಿಕೆಯೊಳಗೆ ತಾಮ್ರ ಥಳಥಳಿಸುವ ಆ ದಪ್ಪ ಸ್ಪೀಕರ್ ತಂತಿ ಬಂದ ದಿನದಿಂದಲೇ ಅಪ್ಪನ ಸಿ.ಡಿ. ಪ್ಲೇಯರಿನ ಧ್ವನಿ ಸ್ಫಟಿಕದಂತಾಯಿತೆಂಬುದು ಚಿಕ್ಕಪ್ಪ ಹೇಳುವ, ಅಪ್ಪ ತಲೆದೂಗುವ, ಬಂಧುಬಳಗವೆಲ್ಲ ಒಪ್ಪಿಬಿಟ್ಟಿರುವ ಚರಿತ್ರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಿಷಯದ ಪರವಾಗಿಯೂ ವಿರೋಧವಾಗಿಯೂ ಗೆದ್ದು ಗೆದ್ದು, ಕೊನೆಗೆ ಊಟಕ್ಕೆ ಕರೆದರೂ 'ಆಧಾರವೇನು?' ಎಂದು ಕೇಳುವ ದುಃಸ್ಥಿತಿಗೆ ತಲುಪಿದ್ದ ನಾನು ಮಾತ್ರ ಇದನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಓದುಗರೇ, ಸ್ವಲ್ಪ ಹೊತ್ತು ನೀವು ತೀರ್ಪುಗಾರರ ಕುರ್ಚಿಯಲ್ಲಿ ಕೂರಬೇಕು.

ಕ್ಯಾಸೆಟ್ಟುಗಳು ರಟ್ಟಿನ ಪೆಟ್ಟಿಗೆ ಸೇರಿ, ಸಿ.ಡಿ.ಗಳು ಬೆಳ್ಳಿತಟ್ಟೆಯ ಗತ್ತಿನಲ್ಲಿ ಮನೆ ಹೊಕ್ಕ ಕಾಲವದು. ಅಪ್ಪ ಪ್ಲೇಯರು, ಆಂಪ್ಲಿಫೈಯರು, ಮೊಣಕಾಲೆತ್ತರದ ಎರಡು ಸ್ಪೀಕರುಗಳನ್ನು ತಂದು ನಡುಮನೆಯಲ್ಲಿ ಪ್ರತಿಷ್ಠಾಪಿಸಿದರು. ತಮಗೆಂದೇ ಆಸೆಪಟ್ಟು ಅವರು ಕೊಂಡ ಮೊದಲ ವಸ್ತುವದು; ಬೆಳಗಿನ ಕಾಫಿಯ ಜೊತೆ ವಚನಗಾಯನ ಕೇಳಬೇಕೆಂಬುದಷ್ಟೇ ಆಸೆ. ಆದರೆ ಕೆಂಪು ಗಾರೆಯ ನುಣುಪು ನೆಲ, ಬೋಳು ಗೋಡೆ, ಗಾಜಿನ ಷೋಕೇಸುಗಳ ನಡುವೆ ಶರಣರ ಮಾತು ಬಾವಿಯೊಳಗಿಂದ ಕೂಗಿದಂತೆ ಗುಂಯ್‌ಗುಟ್ಟಿ, ರಾಗವಷ್ಟೇ ಉಳಿದು ಪದ ಕರಗಿಹೋಗುತ್ತಿತ್ತು. ಅಪ್ಪ ಕುರ್ಚಿಯನ್ನು ದಿನಕ್ಕೊಂದು ಮೂಲೆಗೆ ಎಳೆದು, ಅಂಗೈಯನ್ನು ಕಿವಿಗೆ ಆನಿಸಿ ಕೂರುತ್ತಿದ್ದರು.

ಪ್ರತಿ ದಸರೆಗೂ ಅದೇ ಜಾಗದಲ್ಲಿ ಬೊಂಬೆ ಕೂರಿಸುತ್ತಿದ್ದ ಅಮ್ಮ ಅಂತಿಮ ಆಜ್ಞೆ ಹೊರಡಿಸಿದರು. "ಇಲ್ನೋಡಿ, ವಿಜಯದಶಮಿವರೆಗೂ ಟೈಮು. ಅಷ್ಟ್ರೊಳಗೆ ಇದು ನೆಟ್ಟಗೆ ಮಾತಾಡ್ದಿದ್ರೆ ಅಟ್ಟಕ್ಕೆ ಹೋಗುತ್ತೆ. ನೀವು ನಿಮ್ಮ ಹಳೇ ಟ್ರಾನ್ಸಿಸ್ಟರೇ ಕೇಳ್ಕೊಂಡಿರಿ." ಅಪ್ಪ ಸ್ಪೀಕರಿನ ತಲೆಯ ಮೇಲಿನ ಧೂಳನ್ನು ಪಂಚೆಯ ಅಂಚಿನಿಂದ ಒರೆಸಿದರು.

ನವರಾತ್ರಿಯ ಮೊದಲ ದಿನ ವಿದ್ಯಾರಣ್ಯಪುರಂನಿಂದ ಚಿಕ್ಕಪ್ಪ ತಂತಿಯ ಸುರುಳಿಯೊಂದಿಗೆ ಸ್ಕೂಟರಿನಲ್ಲಿ ಧಾವಿಸಿದರು. "ಅಣ್ಣಯ್ಯ, ಪೆಟ್ಟಿಗೇಲೇನೂ ದೋಷ ಇಲ್ಲ. ಹೊಲಿಗೆ ದಾರದಂಥ ತಂತಿ ಹಾಕಿದ್ರೆ ನಾದ ಎಲ್ಲಿಂದ ಹರೀಬೇಕು?" ಅವರು ತಂತಿ ಬದಲಿಸುವ ಹೊತ್ತಿಗೆ ಅಮ್ಮ ಬೊಂಬೆಗಳಿಗೆ ಹಿನ್ನೆಲೆಯಾಗಿ ಗೋಡೆಗೆ ದಪ್ಪ ಜಮಖಾನ ಇಳಿಬಿಟ್ಟು, ಅರಿಸಿನ ಕುಂಕುಮಕ್ಕೆ ಬರುವವರಿಗೆಂದು ನೆಲಕ್ಕೆ ಇನ್ನೆರಡು ಹಾಸಿದ್ದರು. ಸ್ಪೀಕರುಗಳು ಪಟ್ಟದ ಬೊಂಬೆಗಳಿಗೆ ದ್ವಾರಪಾಲಕರಾಗಿ ನಿಂತವು. ಆ ಸಂಜೆ ಅಪ್ಪ ಅಂಗೈಯನ್ನು ಕಿವಿಯಿಂದ ಇಳಿಸಿದರು. ಪದಪದವೂ ಕೇಳಿಸುತ್ತಿತ್ತಂತೆ!

ತಂತಿಯ ಮಹಿಮೆಯನ್ನು ಎಂಟು ದಿನ ಸಹಿಸಿದ ನಾನು ಪರೀಕ್ಷೆ ಘೋಷಿಸಿದೆ. ಬೊಂಬೆಮೆಟ್ಟಿಲ ಹಿಂದೆ ಅವಿತು ಹಳೆಯದನ್ನೋ ಹೊಸದನ್ನೋ ಜೋಡಿಸುತ್ತೇನೆ; ಯಾವುದೆಂದು ಚಿಕ್ಕಪ್ಪ ಹೇಳಬೇಕು. ಜಮಖಾನದ ಧೂಳಿಗೆ ಎರಡು ಸಲ ಸೀನಿ, ಮೂರನೆಯದನ್ನು ನುಂಗಿ ಕುಳಿತೆ. ಹೊರಗೆ ಚಿಕ್ಕಪ್ಪ ಕಣ್ಣು ಮುಚ್ಚಿದರು. "ಆಹಾ! ಇದು ಕಣಮ್ಮ ಹೊಸ ತಂತಿ! ಮುತ್ತು ಉದುರಿದಂಗಿದೆ!" ಹೊಸ ತಂತಿ ನನ್ನ ಮಡಿಲಲ್ಲಿ ಸುರುಳಿ ಸುತ್ತಿಕೊಂಡು ಮಲಗಿತ್ತು.

ಅದನ್ನು ಪಾರಿತೋಷಕದಂತೆ ಎತ್ತಿ ಹಿಡಿದು ಹೊರಬಂದೆ. ಚಿಕ್ಕಪ್ಪ ಕದಲಲಿಲ್ಲ. "ಎಂಟು ದಿನ ಒಳ್ಳೇ ತಂತಿ ಸಹವಾಸ ಮಾಡಿದ ಸ್ಪೀಕರಿಗೆ ಅಷ್ಟೂ ಬುದ್ಧಿ ಬಂದಿರಲ್ವೇನೇ, ಲಾಯರಮ್ಮ?"

ಧ್ವನಿ ಸುಧಾರಿಸಿದ್ದೇ ಸುಳ್ಳು, ಎಲ್ಲವೂ ಭ್ರಮೆ ಎಂದು ನಾನು ಸಮಾರೋಪ ಭಾಷಣ ಮುಗಿಸಿದೆ. "ಭ್ರಮೆ ಆದ್ರೆ ಆಗ್ಲಿ ಬುಡಮ್ಮ, ಪದ ಕೇಳಿಸ್ತಿದೆಯಲ್ಲ" ಎಂದರು ಅಪ್ಪ. ಭಾವುಕತೆ ಪುರಾವೆಯಲ್ಲವೆಂದು ಅದನ್ನೂ ತಳ್ಳಿಹಾಕಿದೆ.

ವಿಜಯದಶಮಿ ಕಳೆಯಿತು. ಬೊಂಬೆಗಳು ಟ್ರಂಕಿಗೂ ಜಮಖಾನಗಳು ಮಂಚದ ಕೆಳಗೂ ಸರಿದವು. ಪರೀಕ್ಷೆಯ ನಂತರ ಮತ್ತೆ ಜೋಡಿಸಿದ್ದ ಹೊಸ ತಂತಿ ಮಾತ್ರ ಅದರ ಜಾಗದಲ್ಲೇ ಇತ್ತು. ಮರುದಿನ ಬೆಳಿಗ್ಗೆ ವಚನ ಮತ್ತೆ ಬಾವಿಗೆ ಬಿತ್ತು. ಅಪ್ಪನ ಅಂಗೈ ಕಿವಿಗೇರಿತು. ಅಯ್ಯೋ, ಯಾವ ನಂಬಿಕೆಯ ಸೋಂಕೂ ಇಲ್ಲದ ನನ್ನ ಕಿವಿಗೂ ಒಂದು ಪದವೂ ದಕ್ಕಲಿಲ್ಲ. ಹಾಗಾದರೆ ಆ ಒಂಬತ್ತು ದಿನದ ಸ್ಪಷ್ಟತೆ ಭ್ರಮೆಯಾಗಿರಲಿಲ್ಲ! ಚಿಕ್ಕಪ್ಪ ಫೋನಿನಲ್ಲಿ "ನೀನು ಬಿಚ್ಚಿ ಮುಟ್ಟಿ ಅದರ ಗುಣಾನೇ ಕೆಡಿಸ್ಬುಟ್ಟೆ ಕಣೇ" ಎಂದರು. ಕಾರಣ ತಂತಿಯಲ್ಲವೆಂದು ಸಾಧಿಸಿದ್ದ ನನಗೆ ಕಾರಣ ಯಾವುದೆಂದು ಮಾತ್ರ ಗೊತ್ತಿರಲಿಲ್ಲ. ಕೆಡವುವ ವಿದ್ಯೆಯಲ್ಲಿ ನನಗೆ ಬಂದ ಬಹುಮಾನಗಳು ಷೋಕೇಸಿನೊಳಗೆ ಆ ಗುಂಯ್‌ಕಾರಕ್ಕೆ ತಾಳ ಹಾಕುತ್ತಿದ್ದವು.

ಅಮ್ಮನ ಗಡುವು ಮೀರದ ಅಪ್ಪ ತಾವೇ ಪ್ಲಗ್ಗು ಕೀಳಲು ಬಗ್ಗಿದರು. ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸುತ್ತ ನಿಂತಿದ್ದ ಅಮ್ಮ, "ಅದು ಆಮೇಲೆ ಆಗ್ಲಿ, ಮೊದ್ಲು ಈ ಸ್ಟೂಲು ಹಿಡ್ಕೊಳ್ಳಿ" ಎಂದು ಹತ್ತಿ, ಅದೇ ಮೊಳೆಗಳಿಗೆ ಅದೇ ಜಮಖಾನ ಇಳಿಬಿಟ್ಟರು. ಯಾಕೆಂದರೆ, "ಗೋಡೆ ತೇವ ಹಿಡಿದಿದೆ, ಸುಣ್ಣ ಉದುರುತ್ತೆ." ನೆಲಕ್ಕೂ ಹಾಸಿದರು. ಯಾಕೆಂದರೆ, "ಗಾರೆ ತಣ್ಣಗೆ, ಕಾಲು ಹಿಡಿಯುತ್ತೆ." ಅಪ್ಪ ಕೊನೆಯ ಸಲವೆಂಬಂತೆ ಗುಂಡಿ ಒತ್ತಿದರು. ಪದಗಳು ಒಂದೊಂದಾಗಿ, ಕಾಲೊರೆಸಿಕೊಂಡು ಒಳಬರುವ ನೆಂಟರಂತೆ, ಬಂದು ಕುಳಿತವು. ಅಟ್ಟದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಇಂದಿಗೂ ಮನೆಗೆ ಬಂದವರು ಜಮಖಾನದ ಮೇಲೆ ಕುಳಿತು, ಜಮಖಾನಕ್ಕೇ ಒರಗಿ, ಚಿಕ್ಕಪ್ಪ ತೋರಿಸುವ ತಂತಿಯನ್ನು ಕೊಂಡಾಡುತ್ತಾರೆ. ಅಮ್ಮ ನೀರಿನ ಲೋಟ ಇಟ್ಟು ಒಳಗೆ ಹೋಗುತ್ತಾರೆ. ಮೊನ್ನೆ ನಾನು ಜಮಖಾನದ ಹಿಂದೆ ಕೈಯಾಡಿಸಿ ನೋಡಿದೆ. ಸುಣ್ಣ ಬಿಸಿಲಿಗಿಟ್ಟ ಹಪ್ಪಳದಂತೆ ಒಣಗಿತ್ತು, ಒಂದು ಚೂರೂ ಉದುರಲಿಲ್ಲ. ಅಮ್ಮಾ, ತೀರ್ಪುಗಾರರ ಮುಂದೆಯೇ ಕೇಳುತ್ತಿದ್ದೇನೆ: ಆ ಗೋಡೆ ಯಾವತ್ತು ತೇವವಾಗಿತ್ತು?