ಎಲ್ಲರಿಗೂ ಹೋದ ಪತ್ರ

ಅವರ ಬಲಗೈ ತೋರುಬೆರಳ ತುದಿ ನುಣ್ಣಗಿತ್ತು. ರೇಡಿಯೋ ರಿಪೇರಿಯ ಬೆಸುಗೆ ಕಡ್ಡಿ ತಾಗಿ ಸುಟ್ಟು ಸುಟ್ಟು ಅಲ್ಲಿನ ಗೆರೆಗಳು ಅಳಿಸಿಹೋಗಿದ್ದವು. ಕೀಬೋರ್ಡಿನ ಮೇಲೆ ಆ ಬೆರಳೊಂದೇ ಓಡಾಡುತ್ತಿತ್ತು.

ಹರಪನಹಳ್ಳಿಯವರು ಅವರನ್ನು ರೇಡಿಯೋ ಚಾಚಾ ಎನ್ನುತ್ತಿದ್ದರು. ರಿಪೇರಿ ಕೆಲಸ ಕಡಿಮೆಯಾದಾಗ ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇಟ್ಟಿದ್ದರು. ಎಂಎಸ್ಸಿ ಮುಗಿಸಿ ಊರಿಗೆ ಮರಳಿದ್ದ ನಾನು ಮಧ್ಯಾಹ್ನ ಅಲ್ಲಿ ಕೂರುತ್ತಿದ್ದೆ. ಆಗ ಇಂಟರ್ನೆಟ್ ಬರುತ್ತಿದ್ದುದು ಫೋನ್ ಲೈನಿನಲ್ಲಿ; ಹಗಲಲ್ಲಿ ಅದು ಐದು ನಿಮಿಷವೂ ನಿಲ್ಲುತ್ತಿರಲಿಲ್ಲ. ಗಿರಾಕಿಗಳು ಇಮೇಲ್ ಪತ್ರ ಟೈಪು ಮಾಡಿ, ವಿಳಾಸವನ್ನು ಚೀಟಿಯಲ್ಲಿ ಬರೆದಿಟ್ಟು ಹೋಗುತ್ತಿದ್ದರು. ಚಾಚಾ ಬೆಳಗಿನ ನಮಾಜು ಮುಗಿಸಿ ಬಂದು ವಿಳಾಸ ಹಾಕಿ ಎಲ್ಲವನ್ನೂ ಒಟ್ಟಿಗೆ ಕಳಿಸಿ, ಬಂದದ್ದನ್ನು ಇಳಿಸಿಡುತ್ತಿದ್ದರು. ಯಾರದನ್ನೂ ಓದುತ್ತಿರಲಿಲ್ಲ. "ಮಂದಿ ರೇಡಿಯೋ ಬಿಚ್ಚೀನಿ, ಮಂದಿ ಮನಸು ಬಿಚ್ಚಂಗಿಲ್ಲ," ಎನ್ನುತ್ತಿದ್ದರು.

ಕನ್ನಡ ಟೈಪಿಂಗಿನ ತಂತ್ರಾಂಶವೊಂದನ್ನು ಬಿಡುವಿನಲ್ಲಿ ಕಟ್ಟುತ್ತಿದ್ದ ಗುಂಪಿಗೆ ನಾನು ಸೇರಿದ್ದೆ. ಹೊಸ ಆವೃತ್ತಿ ಬಂದಾಗ ಪರೀಕ್ಷಿಸಿ ದೋಷಗಳ ಪಟ್ಟಿ ಕಳಿಸುವುದು ನನ್ನ ಕೆಲಸ. ಅದರಾಚೆ ಒಂದು ಮಾತು ಬರೆದವಳಲ್ಲ. ಮೇಲಿಂಗ್ ಲಿಸ್ಟ್ ಆದ್ದರಿಂದ ಒಬ್ಬರು ಬರೆದದ್ದು ಎಲ್ಲರ ಇಮೇಲಿಗೂ ಬರುತ್ತಿತ್ತು. ಪತ್ರಗಳು ಹೆಚ್ಚಿದಾಗ ಕೆಲವರು, ನ್ಯೂಸ್‌ಗ್ರೂಪ್‌ಗೆ ಹೋಗೋಣ, ಬರೆದದ್ದೆಲ್ಲ ಒಂದು ಕಡೆ ಇರಲಿ, ಬೇಕಾದವರು ಅಲ್ಲಿಗೆ ಹೋಗಿ ಓದಲಿ ಎಂದರು. ಹಾಗೆ ಕೂತು ಓದಲು ಲೈನು ನಿಲ್ಲಬೇಕಲ್ಲ. ಗುಂಪು ಅತ್ತ ಹೋದರೆ ನಾನು ಹೊರಗೆ. ಊರಿನಲ್ಲಿ ನನ್ನ ಓದಿಗೆ ದಕ್ಕಿದ್ದ ಕೆಲಸ ಅದೊಂದೇ.

ಚಾಚಾಗೆ ಹೇಳಿದೆ.

"ಅಂದ್ರ ಲೈಬ್ರರಿ ಪೇಪರ್ ಇದ್ದಂಗ, ಹೋದೋರಿಗಷ್ಟ ಸಿಗತೈತಿ," ಎಂದರು. "ನೀ ಯಾವತ್ತರ ಅಲ್ಲಿ ಗಂಡಸರ ನಡುವ ಕುಂತು ಪೇಪರ್ ಓದೀಯೇನವ್ವ?"

"ಇಲ್ಲ ಚಾಚಾ."

"ಮತ್ತ? ಇದನ್ನ ಅವರಿಗೆ ಬರಿ."

"ಎಲ್ಲಾರಿಗೂ ಬರಿಯಾಕ ನನಗ ಆಗಂಗಿಲ್ಲ."

"ನಿನಗಿಂತ ರೇಡಿಯೋನ ವಾಸಿ. ಕಿವಿ ಹಿಂಡಿದ್ರ ಮಾತಾಡತೈತಿ," ಎಂದು ನಕ್ಕರು.

ಗುಂಪಿಗಲ್ಲ, ಅದರ ಸಂಚಾಲಕರಿಗೆ ಮಾತ್ರ ಬರೆದಿಟ್ಟೆ: ಲೈನಿನ ಪಾಡು, ಲೈಬ್ರರಿಯ ಮಾತು, ಅಷ್ಟು ಜನರೆದುರು ಪ್ರಶ್ನೆ ಕೇಳಲು ನನಗಿದ್ದ ಅಂಜಿಕೆ. ಮರುದಿನ ಹೋಗಿ ನೋಡಿದರೆ ಚಾಚಾ ಅದನ್ನು ಇಡೀ ಗುಂಪಿಗೆ ಕಳಿಸಿಬಿಟ್ಟಿದ್ದರು.

"ತಪ್ಪಾತವ್ವ. ನಿನ್ನ ಪತ್ರ ಯಾವಾಗ್ಲೂ ಗುಂಪಿನ ವಿಳಾಸಕ್ಕ ಹಾಕಿ ಹಾಕಿ ಕೈ ತಾನ ಹೋತು. ಬೈದ್ಬಿಡು ನನ್ನ."

ಬೈಯಲಿಲ್ಲ. ಆರು ದಿನ ಅತ್ತ ಸುಳಿಯಲೂ ಇಲ್ಲ.

ಏಳನೆಯ ದಿನ ಅವರೇ ನಮ್ಮ ಮನೆಗೆ ಬಂದರು. ಒಳಗೆ ಬರಲೊಲ್ಲದೆ, ಮುದ್ರಿಸಿದ ಹಾಳೆಗಳನ್ನು ಅಮ್ಮನ ಕೈಗಿತ್ತರು. "ನಾ ಓದಿಲ್ಲ ನೋಡ್ರಿ. ಭಾಳ ಬಂದಾವು ಅಂತ ತಂದೆ."

ಸಿಂಧನೂರು, ಚಿಂತಾಮಣಿ, ಅಥಣಿಯಂಥ ಊರುಗಳಿಂದ ಬಂದ ಉತ್ತರಗಳು. ನಮ್ಮಲ್ಲೂ ಲೈನು ಹೀಗೇ, ಹೇಳಲು ಸಂಕೋಚಪಟ್ಟಿದ್ದೆವು ಎಂದಿದ್ದರು. ಲಿಸ್ಟೇ ಮುಂದುವರಿಯಲಿ ಎಂದು ಸಂಚಾಲಕರು ತೀರ್ಮಾನ ಬರೆದಿದ್ದರು. ಕೊನೆಯ ಹಾಳೆ ಅಥಣಿಯ ಹುಡುಗಿಯೊಬ್ಬಳು ನನಗಷ್ಟೇ ಬರೆದದ್ದು: ಮುದ್ರಿಸಿದಾಗ ಒತ್ತಕ್ಷರ ಪಕ್ಕಕ್ಕೆ ಸರಿಯುತ್ತಿದೆ, ಎರಡು ತಿಂಗಳಿಂದ ಗುಂಪಿನಲ್ಲಿ ಕೇಳಲು ಧೈರ್ಯವಾಗಿಲ್ಲ, ನಿಮ್ಮನ್ನು ಕೇಳಬಹುದೇ?

ಚಾಚಾ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಆ ತಪ್ಪಿನಿಂದ ನನಗೆ ಏನು ಸಿಕ್ಕಿತೆಂದು ಅವರಿಗೆ ಬಾಯಿಬಿಟ್ಟು ಹೇಳಲಿಲ್ಲ. ಹಾಳೆಗಳು ಬಂದ ಮರುದಿನ ಬೆಳಿಗ್ಗೆ ಮಾತ್ರ, ಅವರು ಮಸೀದಿಯಿಂದ ಬರುವ ಮೊದಲೇ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ಅವರು ಬೀಗ ತೆಗೆದು ತಮ್ಮ ಕುರ್ಚಿಯನ್ನು ನನ್ನತ್ತ ತಳ್ಳಿದರು. ಒತ್ತಕ್ಷರ ಏಕೆ ಸರಿಯುತ್ತದೆಂದು ನನಗೂ ಗೊತ್ತಿರಲಿಲ್ಲ. ಆ ಹುಡುಗಿಯ ಹೆಸರೆತ್ತದೆ, ಅದನ್ನು ನನ್ನ ಪ್ರಶ್ನೆಯಾಗಿಯೇ ಇಡೀ ಗುಂಪಿಗೆ ಬರೆದೆ.