ಗ್ರಿಜೆಲ್ ಪೀಬಲ್ಸಳ ಬಾಗಿಲು

ನಮ್ಮ ಫಿಲಡೆಲ್ಫಿಯಾದ ಆರನೇ ಬೀದಿಯಲ್ಲಿ ಗ್ರಿಜೆಲ್ ಪೀಬಲ್ಸ್ ಎಂಬ ವಿಧವೆ ಪರಸ್ಥಳದವರಿಗೆ ಕೋಣೆ ಕೊಟ್ಟು ಊಟ ಹಾಕುತ್ತಿದ್ದಳು. ಕುಡಿದು ಬಂದವರಿಗೆ ಅವಳ ಮನೆಯಲ್ಲಿ ಜಾಗವಿತ್ತು, ಸೂರು ಹಾರುವಂತೆ ಗೊರಕೆ ಹೊಡೆಯುವವರಿಗೂ ಇತ್ತು. ಬಾಗಿಲು ತಟ್ಟದೆ ಒಳಗೆ ಬರುವವರಿಗೆ ಮಾತ್ರ ಇರಲಿಲ್ಲ. ಕೆಲಸದವಳು ಬಿಸಿನೀರು ಕೊಡಲು ಹೋದರೂ ತಟ್ಟಬೇಕು, ಒಳಗಿನಿಂದ ಬಾ ಅನ್ನಿಸಿಕೊಳ್ಳಬೇಕು. ಮುದುಕಿಗೆ ಇದೊಂದು ಹುಚ್ಚು ಎಂದು ಜನ ನಗುತ್ತಿದ್ದರು. ನಗುವವರಿಗೇನು, ನಗಲಿ. ಅವಳು ಹುಡುಗಿಯಾಗಿದ್ದಾಗ ಐರ್ಲೆಂಡಿನಿಂದ ಹಡಗು ಹತ್ತಿ ಬಂದು, ಹಡಗಿನ ಖರ್ಚು ತೀರುವವರೆಗೆ ಒಬ್ಬರ ಮನೆಯಲ್ಲಿ ಜೀತಕ್ಕಿದ್ದವಳು. ಆ ಮನೆಯ ಯಜಮಾನ ಅವಳು ಮಲಗುವ ಮೂಲೆಗೆ ಯಾವ ಹೊತ್ತಿನಲ್ಲಿ ಬೇಕಾದರೂ ಬಾಗಿಲು ದೂಡಿಕೊಂಡು ಬರುತ್ತಿದ್ದ. ಅದಕ್ಕಿಂತ ಹೆಚ್ಚು ಅವಳು ಯಾರಿಗೂ ಹೇಳಿದವಳಲ್ಲ. ನಾವೂ ಕೇಳುವುದು ಬೇಡ.

ಕಟ್ಟಿಕೊಂಡ ಗಂಡ ಬಡಗಿ. ಮದುವೆಯಾದ ವರ್ಷವೇ ಓಕ್ ಮರದ ಬಾಗಿಲು ಮಾಡಿ, ಒಳಗಿನಿಂದ ಭದ್ರವಾದ ಅಗುಳಿ ಕೂರಿಸಿ, ಇನ್ನು ನೀನು ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದಿದ್ದ. ಸ್ವಾತಂತ್ರ್ಯದ ಯುದ್ಧಕ್ಕೆ ಹೋದವನು ಬ್ರ್ಯಾಂಡಿವೈನ್ ಹೊಳೆಯ ಕಾಳಗದಲ್ಲಿ ಸತ್ತ. ಅವನ ನೀಲಿ ಕೋಟು ಮಾತ್ರ ಮನೆಗೆ ಬಂತು. ಅದಾದ ಮೇಲೆ ಊರು ಇಂಗ್ಲಿಷ್ ದಂಡಿನ ಕೈಗೆ ಹೋಗಿ, ಕೆಂಪು ಕೋಟಿನ ಕ್ಯಾಪ್ಟನೊಬ್ಬ ಅವಳ ಮನೆಯಲ್ಲೇ ಬಿಡಾರ ಹೂಡಲು ಬಂದ. ಗಂಡನನ್ನು ಕೊಂದವರ ಪೈಕಿಯವನು. ಆದರೆ ಅವನೂ ಬಾಗಿಲು ತಟ್ಟಿ, ಟೋಪಿ ತೆಗೆದು, ಅವಳು ಅಗುಳಿ ಸರಿಸುವವರೆಗೆ ಮಳೆಯಲ್ಲಿ ನೆನೆಯುತ್ತ ನಿಂತಿದ್ದ. ಈ ಮಾತನ್ನು ಮುಂದೆ ಅವಳು ಹಲ್ಲು ಕಚ್ಚಿಕೊಂಡು ಎಷ್ಟು ಜನರಿಗೆ ಹೇಳಿದಳೋ.

ಯುದ್ಧ ಗೆದ್ದದ್ದಾಯಿತು. ಗೆದ್ದ ಹದಿಮೂರು ರಾಜ್ಯಗಳು ಒಂದೇ ಒಲೆಯ ಮುಂದೆ ಹದಿಮೂರು ಸೊಸೆಯಂದಿರಂತೆ ಕಚ್ಚಾಡತೊಡಗಿದವು. ಒಂದೊಂದು ರಾಜ್ಯಕ್ಕೂ ಅದರದೇ ನೋಟು; ನ್ಯೂಜೆರ್ಸಿಯಿಂದ ಬಂದವರು ಕೊಟ್ಟ ನೋಟನ್ನು ಅವಳ ಮಾಂಸದಂಗಡಿಯವನು ಮುಟ್ಟುತ್ತಿರಲಿಲ್ಲ. ಹಾಗಾಗಿ ೧೭೮೭ರಲ್ಲಿ, ಬೇಸಿಗೆಯಿಡೀ ಇದೇ ಊರಿನಲ್ಲಿ ಕಿಟಕಿ ಮುಚ್ಚಿಕೊಂಡು ಕೂತಿದ್ದ ದೊಡ್ಡವರು ಇಡೀ ದೇಶಕ್ಕೊಂದು ಸಂವಿಧಾನ ಬರೆದು ಹೊರಗಿಟ್ಟಾಗ, ಅದನ್ನು ಪತ್ರಿಕೆಯಿಂದ ಓದಿಸಿ ಕೇಳಿದ ಗ್ರಿಜೆಲ್, ಸದ್ಯ, ಈಗಲಾದರೂ ಬುದ್ಧಿ ಬಂತಲ್ಲ ಅಂದುಕೊಂಡಳು. ಅವಳು ಅದರ ಪರವಾಗಿದ್ದಳು. ಇದನ್ನು ಮರೆಯಬಾರದು.

ವಿರೋಧವಿದ್ದವನು ಅವಳ ಮಹಡಿಯ ಕೋಣೆಯಲ್ಲಿದ್ದ ಗೇವಿನ್ ಟೊರನ್ಸ್. ಪಶ್ಚಿಮದ ಗುಡ್ಡಗಾಡಿನ ನೇಕಾರ, ಪೆನ್ಸಿಲ್ವೇನಿಯಾದ ಶಾಸನಸಭೆಯ ಸದಸ್ಯ. ಸಭೆ ಕೂಡಿದಾಗಲೆಲ್ಲ ಅವಳ ಮನೆಯಲ್ಲೇ ಇಳಿದುಕೊಳ್ಳುತ್ತಿದ್ದ. ಸಂವಿಧಾನವನ್ನು ಒಪ್ಪುವ ಸಮ್ಮೇಳನಕ್ಕೆ ಆ ವಾರವೇ ದಿನ ಗೊತ್ತುಮಾಡಿಬಿಡಬೇಕು ಎಂದು ಸಭೆಯ ದೊಡ್ಡ ಗುಂಪಿಗೆ ಆತುರ. ಅದನ್ನು ತಡೆಯಲು ಟೊರನ್ಸ್ ಕಡೆಯವರು ಸಭೆಗೇ ಹೋಗದೆ ಕೂತರು. ಎರಡು ತಲೆ ಕಡಿಮೆ ಬಿದ್ದು ಕೋರಂ ಆಗಲಿಲ್ಲ. ಕೋರಂ ಇಲ್ಲದೆ ನಿರ್ಣಯವಿಲ್ಲ. ಮರುದಿನ ಬೆಳಗ್ಗೆ ಜೋಳದ ಗಂಜಿ ಬಡಿಸುತ್ತ ಗ್ರಿಜೆಲ್ ಅವನನ್ನು ಚೆನ್ನಾಗಿ ಝಾಡಿಸಿದಳು.

ಟೊರನ್ಸ್ ತಲೆ ತಗ್ಗಿಸಿಕೊಂಡೇ ಕೇಳಿಸಿಕೊಂಡ. "ನೀನು ಹೇಳೋದೇ ಸರಿ ಇರ್ಬೌದು ಗ್ರಿಜೆಲ್. ಆದ್ರೆ ನಮ್ಮ ಗುಡ್ಡದ ಜನ ಆ ಕಾಗದನ ಕಣ್ಣಲ್ಲೂ ಕಂಡಿಲ್ಲ. ಹೋಗಿ ಒಂದ್ಮಾತು ಕೇಳ್ಕೊಂಡು ಬರ್ತೀನಿ ಅಂದ್ರೆ ಅದೂ ತಪ್ಪಾ?"

ಅವಳು ಅವನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದಳು. ಅಷ್ಟರಲ್ಲಿ ಸಭೆಯ ಜವಾನ ಬಂದು, ಬಾಗಿಲು ತಟ್ಟಿ, ಮರ್ಯಾದೆಯಿಂದಲೇ ಕರೆದ. ಟೊರನ್ಸ್ ಬರುವುದಿಲ್ಲ ಎಂದ, ಜವಾನ ಹೊರಟುಹೋದ. ಟೊರನ್ಸನ ಮುಖ ಬಿಳಿಚಿಕೊಂಡಿದ್ದು ಕಂಡು ಅವಳಿಗೆ ಅಯ್ಯೋ ಅನ್ನಿಸಿತು.

"ನನ್ನ ಸೂರಿನಡಿ ಇರೋವರ್ಗೂ ನಿನ್ನ ಯಾರೂ ಮುಟ್ಟಲ್ಲ. ಗಂಜಿ ಕುಡಿ," ಎಂದಳು.

ಗಂಜಿ ಮುಗಿದಿರಲಿಲ್ಲ, ಕಿಟಕಿಯ ಗಾಜು ಒಡೆದು ಕಲ್ಲು ಮೇಜಿನ ಮೇಲೆ ಬಿತ್ತು. ಹಿಂದೆಯೇ ಅಗುಳಿ ಕಿತ್ತುಬಂತು. ಗುಂಪು ಒಳಗೆ ನುಗ್ಗಿತು. ಮುಂದಾಳು ಯಾರೆಂದುಕೊಂಡಿರಿ? ಬೀದಿಕೊನೆಯ ಬೇಕರಿಯ ಕಾಸ್ಪರ್ ಗ್ರಾಫ್. ಅವನ ಹೆಂಡತಿ ಹೆರಿಗೆಯಲ್ಲಿ ನರಳುತ್ತಿದ್ದಾಗ ಪಕ್ಕದಲ್ಲಿ ಕೂತು ಕೈ ಹಿಡಿದಿದ್ದವಳು ಗ್ರಿಜೆಲ್. ಅವಳು ಟೊರನ್ಸನ ಮುಂದೆ ಅಡ್ಡ ನಿಂತು, ಬಾಗಿಲು ತಟ್ಟಿದೆಯೇನೋ ಎಂದು ಕೇಳಿದಳು.

"ಪಕ್ಕಕ್ಕೆ ಬನ್ನಿ ಅಮ್ಮಾ, ಇದು ದೇಶದ ಕೆಲ್ಸ," ಎಂದ ಕಾಸ್ಪರ್ ಅವಳ ಹೆಗಲಿಗೆ ಕೈಯಿಟ್ಟು ಗೋಡೆಗೆ ದೂಡಿದ.

ಟೊರನ್ಸನನ್ನೂ ಅವನ ಪಕ್ಕದ ಕೋಣೆಯಲ್ಲಿದ್ದ, ಅವನಂತೆಯೇ ಸಭೆಗೆ ಹೋಗದ ಇನ್ನೊಬ್ಬ ಸದಸ್ಯನನ್ನೂ ಕೊರಳಪಟ್ಟಿ ಹಿಡಿದು ಬೀದಿಯುದ್ದಕ್ಕೂ ಎಳೆದೊಯ್ದರು. ಗ್ರಿಜೆಲ್ ಉಟ್ಟ ಏಪ್ರನ್ನಿನಲ್ಲೇ ಹಿಂದೆ ಓಡಿದಳು. ಸಭಾಂಗಣದಲ್ಲಿ ಟೊರನ್ಸ್ ಹರಿದ ಅಂಗಿಯಲ್ಲಿ ಎದ್ದು ನಿಂತು, ತನ್ನನ್ನು ಬಲವಂತದಿಂದ ತಂದಿದ್ದಾರೆ, ಗೈರುಹಾಜರಿಯ ದಂಡ ಕಟ್ಟುತ್ತೇನೆ, ಹೋಗಲು ಬಿಡಿ ಎಂದ. ದೊಡ್ಡ ಮನುಷ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲಲ್ಲಿ ಕಾಸ್ಪರನ ಗುಂಪು ಅಡ್ಡಗಟ್ಟಿ ನಿಂತಿತ್ತು. ತಲೆ ಎಣಿಸಿದರು, ಕೋರಂ ಆಯಿತು, ಸಮ್ಮೇಳನಕ್ಕೆ ದಿನ ಗೊತ್ತಾಯಿತು. ಜನರೇ ಮಾಡಿಕೊಂಡ ಕಾನೂನು ಎಂದು ಇವತ್ತಿಗೂ ಎದೆಯುಬ್ಬಿಸುತ್ತಾರಲ್ಲ, ಅದಕ್ಕೆ ನಮ್ಮ ಊರಲ್ಲಿ ನಾಂದಿ ಹಾಡಿದ್ದು ಹೀಗೆ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಟೊರನ್ಸ್ ಚೀಲ ತೆಗೆದುಕೊಳ್ಳಲು ಬಂದಾಗ ಗ್ರಿಜೆಲಳ ಮುಖ ನೋಡಲಿಲ್ಲ. ನಿನ್ನ ಮನೆಗೆ ಕೇಡು ತಂದೆ, ಇನ್ನು ಬರುವುದಿಲ್ಲ ಎಂದ. ಕೇಡು ತಂದವನು ಅವನಂತೆ! ಯಾರೂ ಮುಟ್ಟಲ್ಲ ಎಂದು ಮಾತು ಕೊಟ್ಟವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಅಗುಳಿಯನ್ನು ಮತ್ತೆ ಹೊಡೆಸಿದಳು. ಕಿಟಕಿಗೆ ಮಾತ್ರ ಗಾಜು ಹಾಕಿಸಲಿಲ್ಲ. ಆ ತೂತಿಗೆ ಗಂಡನ ನೀಲಿ ಕೋಟು ತುರುಕಿದಳು. ಕಾಸ್ಪರನ ಬ್ರೆಡ್ ಬಿಟ್ಟು, ಹಿಮದಲ್ಲಿ ಜಾರುತ್ತ ನದಿಯ ಕಡೆಯ ಬೇಕರಿಗೆ ನಡೆದಳು. ಅವನು ಗುಟ್ಟಾಗಿ ಗಾಜಿನವನನ್ನು ಕಳಿಸಿದರೆ, ಒಡೆದವನು ಬಂದು ಬಾಗಿಲು ತಟ್ಟಿ ತಪ್ಪಾಯಿತು ಅನ್ನಲಿ, ಆಮೇಲೆ ಗಾಜು ಎಂದು ಉಗಿದು ಕಳಿಸಿದಳು. ಅವಳಿಗೆ ಬೇಕಿದ್ದದ್ದು ಅದೊಂದೇ ಮಾತು. ಚಳಿಗಾಲದಲ್ಲಿ ಪೆನ್ಸಿಲ್ವೇನಿಯಾ ಸಂವಿಧಾನವನ್ನು ಒಪ್ಪಿತು. ಬೇಸಿಗೆಗೆ ಸಾಕಷ್ಟು ರಾಜ್ಯಗಳು ಒಪ್ಪಿ ಅದು ದೇಶಕ್ಕೇ ಕಾನೂನಾಯಿತು. ಜುಲೈ ನಾಲ್ಕಕ್ಕೆ ಊರಿಡೀ ಮೆರವಣಿಗೆ ಎಂದು ಸಾರಿದರು. ಬೇಕರಿಯವರು ಗಾಡಿಯ ಮೇಲೆ ಒಲೆ ಹೂಡಿ, ಬ್ರೆಡ್ ಬೇಯಿಸುತ್ತಲೇ ಸಾಗುವವರಿದ್ದರು.

ಹಿಂದಿನ ದಿನ ಯಾರೋ ಮೆಲ್ಲಗೆ ಬಾಗಿಲು ತಟ್ಟಿದರು. ತೆಗೆದರೆ ಕಾಸ್ಪರ್, ಟೋಪಿ ಒಂದು ಕೈಯಲ್ಲಿ, ಹಸಿರು ಕೊಂಬೆ ಇನ್ನೊಂದರಲ್ಲಿ. ಅವಳ ಎದೆ ಒಂದು ಗಳಿಗೆ ಹಗುರವಾಯಿತು. ಬಂದನಲ್ಲ, ತಟ್ಟಿದನಲ್ಲ.

"ಅಮ್ಮಾ, ಮೆರವಣಿಗೆ ಈ ಬೀದೀಲೇ ಬರುತ್ತೆ. ಎಲ್ರೂ ಹಸಿರು ಕಟ್ಟಿದಾರೆ, ನಿಮ್ಮ ಕಿಟಕಿಯೊಂದೇ ಹೀಗೆ. ಗಾಜು ಹಾಕ್ಸಿ ಈ ಕೊಂಬೆ ಕಟ್ಲಾ? ನೀವೂ ನಮ್ಮ ಕಡೆಯೋರೇ ಅಲ್ವಾ? ಕೊನೆಗೆ ಎಲ್ಲಾ ಒಳ್ಳೇದೇ ಆಯ್ತಲ್ಲ."

ಗ್ರಿಜೆಲ್ ಆ ಒಂದು ಮಾತಿಗೆ ಕಾದಳು. ಅವನು ಅಷ್ಟಕ್ಕೇ ನಿಲ್ಲಿಸಿ ಹಲ್ಲು ಬಿಟ್ಟ.

"ಹೌದು ಕಣೋ, ನಿಮ್ಮ ಕಡೆಯೋಳೇ ಆಗಿದ್ದೆ. ಹೆಂಗಸು, ನನ್ನ ಓಟು ಯಾರಿಗೂ ಬೇಕಿರ್ಲಿಲ್ಲ, ಬಿಡು. ಗುಡ್ಡದೋರ್ನ ಕೇಳೋಕೆ ನಿಮಗೆ ಪುರುಸೊತ್ತಿರ್ಲಿಲ್ಲ. ನನ್ನ ಮನೆಯೊಳಕ್ಕೆ ಕಾಲಿಡೋಕೂ ನೀನು ಕೇಳ್ಲಿಲ್ಲ. ಈ ಕೊಂಬೆಗೆ ಮಾತ್ರ ಬಾಗಿಲು ತಟ್ಟಿ ಕೇಳ್ತಿದೀಯ. ಕೇಳಿದ್ಮೇಲೆ ಉತ್ತರಾನೂ ತಗೊಂಡ್ಹೋಗು. ಬೇಡ."

ಬಾಗಿಲು ಹಾಕಿ ಅಗುಳಿ ಎಳೆದಳು. ಕಾಸ್ಪರ್ ಕೊಂಬೆ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಮತ್ತೆ ತಟ್ಟಲು ಅವನಿಗೆ ಕೈ ಬರಲಿಲ್ಲ.