ಆರಿಸಬಾರದ ಕಂಪ್ಯೂಟರ್

ಎನ್.ಆರ್. ಪುರದ ನಮ್ಮ ವಾಚನಾಲಯದಲ್ಲಿ ಪುಸ್ತಕ ಕೊಡುವವಳು ನಾನು. ಕಂಪ್ಯೂಟರ್ ಕೋಣೆ ಶಿಲ್ಪಶ್ರೀಯದು. ಕೊಪ್ಪದಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ. ಒಳ್ಳೆಯವಳೇ, ಆದರೆ ಹಟ ಅಂದರೆ ಹಟ. ಕಳೆದ ವರ್ಷ ಯಾರೋ ಪುಣ್ಯಾತ್ಮ ಮದುವೆ ಫೋಟೋ ತೋರಿಸುತ್ತೇನೆಂದು ಪೆನ್‌ಡ್ರೈವ್ ಸಿಕ್ಕಿಸಿ ಎಲ್ಲ ಕಂಪ್ಯೂಟರಿಗೂ ವೈರಸ್ ಹತ್ತಿಸಿದ. ವಾಚನಾಲಯದ ಸಮಿತಿಯವರು ಬೈದದ್ದು ಇವಳನ್ನು. ಅಂದಿನಿಂದ ಪೆನ್‌ಡ್ರೈವ್ ಬಂದ್. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದರೆ, ಯಾರು ಏನು ಬರೆದಿಟ್ಟಿದ್ದರೂ ತಾನಾಗಿ ಅಳಿಸಿಹೋಗುವ ಹಾಗೆ ಮಾಡಿಟ್ಟಳು.

"ಬೀಗ ಹಾಕೋದು ಸರಿ ಮಾರಾಯ್ತಿ, ಮನೆಯೋರನ್ನೇ ಹೊರಗಿಟ್ಟು ಹಾಕ್ತಾರಾ?" ಎಂದು ನಾನು ರೇಗಿದ್ದೆ.

"ಒಬ್ರಿಗೆ ಬಿಟ್ರೆ ಎಲ್ರಿಗೂ ಬಿಡ್ಬೇಕು ಅಕ್ಕ. ಮತ್ತೆ ಹಾಳಾದ್ರೆ ನನ್ ಕೆಲ್ಸ ಹೋಗ್ತದೆ" ಎಂದಳು.

ಆಗ ಬಂದವರು ರೇಣುಕಪ್ಪ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ದಿನಗೂಲಿಯವರು. ತಲೆ ನರೆತರೂ ಕೆಲಸ ಕಾಯಂ ಆಗಿರಲಿಲ್ಲ. ಯಾವ ವರ್ಷ ಯಾವ ಗುಡ್ಡ ಕಾದೆ, ಜೊತೆಗೆ ಯಾರಿದ್ದರು ಎಂದು ಬರೆದು ಕಳಿಸಿದರೆ ನೋಡುತ್ತೇವೆ ಎಂದಿದ್ದರಂತೆ ಮೇಲಿನವರು. ಬೇರೆಯವರ ಕೈಯಲ್ಲಿ ಬರೆಸಲು ಒಪ್ಪದೆ, ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಒತ್ತುತ್ತಿದ್ದರು. ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ.

ಶಿಲ್ಪಶ್ರೀಗೂ ಕರುಳು ಚುರುಕ್ ಎಂದಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾಲ್ಕನೇ ಕಂಪ್ಯೂಟರನ್ನು ಮಾತ್ರ ಆರಿಸದೆ ಹಾಗೇ ಬಿಡತೊಡಗಿದಳು. ಕರೆಂಟ್ ಹೋದರೆ ಯುಪಿಎಸ್ ಇತ್ತು. "ಆರಿಸಬೇಡಿ" ಎಂದು ರಟ್ಟು ಬರೆದು ಅಂಟಿಸಿದಳು. ಯಾಕೆಂದು ಮಾತ್ರ ರೇಣುಕಪ್ಪನವರಿಗೂ ಹೇಳಲಿಲ್ಲ. ಗೊತ್ತಾದರೆ ಊರೆಲ್ಲ ಬಂದು ಕೇಳುತ್ತದೆಂಬ ಹೆದರಿಕೆ.

ಬರೆದದ್ದನ್ನು ಕಳಿಸುವ ಕಡೆಯ ದಿನ ಬಂತು, ಸಂಜೆ ಐದರವರೆಗೆ ಸಮಯ. ಬರವಣಿಗೆ ಬಹುತೇಕ ಮುಗಿದಿತ್ತು. ಶಿಲ್ಪಶ್ರೀ ಊಟಕ್ಕೆ ಹೋಗಿದ್ದಳು, ನಾನು ಮಾಳಿಗೆಯಲ್ಲಿ ಕಿಟಕಿ ಹಾಕುತ್ತಿದ್ದೆ. ಗುಡುಗು ಶುರುವಾಯಿತು. ಗುಡುಗಿದರೆ ಮೊದಲು ಪ್ಲಗ್ ಕೀಳಬೇಕೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾನು ಇಳಿದು ಬರುವಷ್ಟರಲ್ಲಿ ಕೋಣೆಯ ಎಲ್ಲ ಪ್ಲಗ್ಗೂ ನೆಲದ ಮೇಲಿದ್ದವು.

"ಎಲ್ಲ ಕಿತ್ತೆ ತಾಯಿ" ಎಂದರು ರೇಣುಕಪ್ಪ, ನೆನೆದುಕೊಂಡು ಓಡಿ ಬಂದ ಶಿಲ್ಪಶ್ರೀಗೆ ಯುಪಿಎಸ್ ತೋರಿಸುತ್ತ. "ಆ ಪೆಟ್ಟಿಗೆ ಒಂದು ಕೀಂ ಕೀಂ ಅಂತಿತ್ತು, ಅದ್ನೂ ಬಂದ್ ಮಾಡ್ದೆ. ಆರಿಸಬೇಡಿ ಅಂತ ಬರ್ದಿದ್ದೆ ನೀನು. ಸಿಡ್ಲಿಗೆ ಓದೋಕೆ ಬರ್ತದಾ?"

ಗುಡುಗು ನಿಂತ ಮೇಲೆ ಅವಳು ನಾಲ್ಕನೆಯದನ್ನು ಹಾಕಿದಳು. ಪರದೆ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಅಳುತ್ತಲೇ ಎಲ್ಲ ಹೇಳಿದಳು. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ನೀವು ಹೇಳಿ ಅಣ್ಣ, ನಾನೇ ಟೈಪ್ ಮಾಡ್ತೇನೆ" ಎಂದು ಕೂತಳು. ರೇಣುಕಪ್ಪ ಹೇಳತೊಡಗಿದರು. ಗಾಬರಿಗೆ ವರ್ಷಗಳು ಹಿಂದುಮುಂದಾದವು, ಗುಡ್ಡಗಳು ಅದಲುಬದಲಾದವು. ಅರ್ಧ ಆಗುವುದರೊಳಗೆ ಐದು ಹೊಡೆಯಿತು.

ಅವರು ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡರು. "ಇದ್ರಿಂದ ನಿನ್ ಕೆಲ್ಸಕ್ಕೆ ಏನೂ ತೊಂದ್ರೆ ಆಗಲ್ಲ ಅಲ್ವಾ ತಾಯಿ?"

ಆಗಲಿಲ್ಲ. ಅಷ್ಟು ಸಿಡಿಲಿಗೂ ಒಂದೇ ಒಂದು ಕಂಪ್ಯೂಟರ್ ಹಾಳಾಗಲಿಲ್ಲವೆಂದು ಸಮಿತಿಯವರು ಅವಳನ್ನು ಹೊಗಳಿದರು.